ಸಂಪಿನ ಮೇಸ್ತ್ರಿ ಮುಟ್ಟಿದ ದೋಣಿ

ಅಕ್ಕನ ಗಂಡನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕು ಅಂತಲೂ ನನಗೇನಿಲ್ಲ.

ಅಪ್ಪ ಹರೆಯದಲ್ಲಿ ಶಿರಾ ಕಡೆಯ ನಮ್ಮೂರ ಕೆರೆಯಲ್ಲಿ ಮೀನು ಗುತ್ತಿಗೆದಾರರ ಮೋಟಾರು ದೋಣಿ ಓಡಿಸುತ್ತಿದ್ದವರು. ಕೆರೆ ಬತ್ತಿದ ಮೇಲೆ ಗುತ್ತಿಗೆದಾರರು ಬಿಟ್ಟುಹೋದ ಆ ತೇಗದ ದೋಣಿ ನಮ್ಮ ಗಾಡಿ ಕೊಟ್ಟಿಗೆ ಸೇರಿ ಕೋಳಿಗಳ ಮನೆಯಾಯಿತು. ಈಚೆಗೆ ದೊಡ್ಡ ಮಳೆ ಬಂದು ಕೆರೆ ಕೋಡಿ ಬಿತ್ತಲ್ಲ, ಅಪ್ಪನದು ಒಂದೇ ಹಟ. ನೀರು ಇಳಿಯುವುದರೊಳಗೆ ಒಂದು ಸಲ ಅದನ್ನು ಓಡಿಸಬೇಕು. ಮತ್ತೆ ಕೆರೆ ತುಂಬುವ ತನಕ ನಾನಿರ್ತೀನಾ ಎಂದು ಕೇಳಿದರು. ಕೆರೆ ತುಂಬಲು ವರ್ಷಗಟ್ಟಲೆ ಕಾಯುವ ನಮ್ಮ ಸೀಮೆಯಲ್ಲಿ ಇದು ಸುಮ್ಮನೆ ಆಡುವ ಮಾತಲ್ಲ.

ಅಪ್ಪನೂ ನಾನೂ ದೋಣಿಯ ಒಡಲಿನ ಕೊಳೆತ ಹಲಗೆ ಕಿತ್ತು ಹೊಸದು ಕೂರಿಸಿದೆವು. ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿದೆವು. ಒಣಗಿದ ಮರ ಮೊದಲು ಸೋರುತ್ತದೆ, ನೆಂದು ಉಬ್ಬಿದರೆ ತಾನೇ ಬಿಗಿಯಾಗುತ್ತದೆ ಅಂತ ಅಪ್ಪ ಅದನ್ನು ದಡದ ನೀರಿನಲ್ಲಿ ಬಿಟ್ಟರು. ಮರುದಿನ ನಾವು ಮನೆ ನೋಡಿಕೊಳ್ಳಲು ಭಾವನನ್ನು ಬಿಟ್ಟು ಪಾವಗಡಕ್ಕೆ ಮದುವೆಗೆ ಹೋಗಿ ಹತ್ತು ದಿನ ಉಳಿದೆವು.

ಭಾವ ನೀರಿನ ಸಂಪು ಕಟ್ಟುವ ಮೇಸ್ತ್ರಿ. ಅರ್ಧ ಮುಳುಗಿದ ದೋಣಿ ನೋಡಿ ಅವರಿಗೆ ಸುಮ್ಮನಿರಲಾಗಲಿಲ್ಲವಂತೆ. ಆಳು ಹಿಡಿದು ದಡಕ್ಕೆ ಎಳೆಸಿ, ಒಣಗಿಸಿ, ಸಂದುಸಂದಿಗೂ ಸಿಮೆಂಟು ಮೆತ್ತಿ ಮತ್ತೆ ನೀರಿಗಿಳಿಸಿದರು. ಮರ ಉಬ್ಬಿತು, ಸಿಮೆಂಟು ಜಾಗ ಬಿಡಲಿಲ್ಲ. ನಾವು ಬರುವಷ್ಟರಲ್ಲಿ ಹಲಗೆಗಳು ಮೊಳೆ ಸಮೇತ ಎದ್ದು ನಿಂತಿದ್ದವು.

"ಸೋರ್ತಿತ್ತು ಕಣಮ್ಮ, ಅದ್ಕೇ ಮುಚ್ಬುಟ್ಟೆ" ಅಂದರು ಭಾವ.

ಮೈಯೆಲ್ಲ ಉರಿದುಹೋಯಿತು. ಬೇಸಿಗೆ ಬಂದರೆ ಗಾಡಿ ಚಕ್ರ ನೀರಲ್ಲಿ ನೆನೆಹಾಕಿ ಕಬ್ಬಿಣದ ಪಟ್ಟಿ ಬಿಗಿ ಮಾಡಿಕೊಳ್ಳುವ ಮನೆಯಲ್ಲಿ ಹುಟ್ಟಿದ ಮನುಷ್ಯ ಇವರು! ಯಾವತ್ತಾದರೂ ಚಕ್ರಕ್ಕೆ ಸಿಮೆಂಟು ಮೆತ್ತಿದ್ದೀರಾ ಎಂದು ಮುಖದ ಮೇಲೇ ಕೇಳಿದೆ. ಒಳ್ಳೆಯದಕ್ಕೇ ಮಾಡಿದ್ದು ಬಿಡು ಅಂದಳು ಅಕ್ಕ. ಕೇಳದೆ ಕೈ ಹಾಕಿ ಕೆಡಿಸುವವರೆಲ್ಲ ಒಳ್ಳೆಯದಕ್ಕೇ ಕೆಡಿಸುವುದು. ಅಪ್ಪ ಮಾತ್ರ ಉಳಿ ಎತ್ತಿಕೊಂಡು ಸಿಮೆಂಟು ಕೆತ್ತಲು ಕೂತರು.

ಕೆತ್ತಿ, ಹಲಗೆ ಬದಲಿಸಿ, ಮತ್ತೆ ಹತ್ತಿ ತುರುಕಿ, ನೆನೆಹಾಕಿ ಮುಗಿಸುವಷ್ಟರಲ್ಲಿ ಬೇಸಿಗೆ ಬಂತು. ದಿನಾ ಬೆಳಿಗ್ಗೆ ನೀರು ಹಿಂದೆ ಸರಿದದ್ದು ನೋಡಿ ನಾನು ಭಾವನಿಗೆ ಶಾಪ ಹಾಕುತ್ತಿದ್ದೆ. ಕೊನೆಗೆ ಅಪ್ಪ ದೋಣಿ ಹತ್ತಿ ಕೂತ ದಿನ ನೀರು ಎಮ್ಮೆಗಳ ಮೊಣಕಾಲಿಗಿತ್ತು. ಮೋಟಾರು ಇಳಿಸಿದರೆ ನೀರು ತಳ್ಳುವ ಫ್ಯಾನು ಕೆಸರಿಗೆ ಕಚ್ಚಿಕೊಳ್ಳುತ್ತಿತ್ತು.

ದಡದಲ್ಲಿ ನಿಂತಿದ್ದ ಭಾವ, ಈಗ ನೋಡಿ, ಒಂದು ಹನಿಯೂ ಸೋರುತ್ತಿಲ್ಲ ಅಂದರು.

ಅಪ್ಪ ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ. "ನೀರಿದ್ದಾಗ ಸೋರಿದ್ರೂ ಓಡಿಸ್ತಿದ್ದೆ ಕಣ್ರೀ, ಅಳಿಯಂದ್ರೇ" ಅಂದರು.