ಎಂಟು ಚಾಪೆಗೆ ಎಷ್ಟು ದಿನ?

"ಮೆಣಸಿನಕಾಯಿ ತೊಟ್ಟು ಮುರಿಯೋ ಕೈಗೆ ಡಿಗ್ರಿ ಎಲ್ಲೀದು? ಆಗೂ ಮಾತಲ್ಲ ಬಿಡು." ಹೀಗೆ ಹೇಳಿದವರು ನಮ್ಮ ದೊಡ್ಡಪ್ಪ. ಆಗ ನಾನಿನ್ನೂ ಚಿಕ್ಕವಳು, ಏಳನೇ ಇಯತ್ತೆ ಮುಗಿಸುತ್ತಿದ್ದೆ. ನಮ್ಮದು ಬ್ಯಾಡಗಿ ಸೀಮೆಯ ಸಣ್ಣ ಊರು. ಎಂಟನೇ ಇಯತ್ತೆ ಓದಬೇಕೆಂದರೆ ಬಸ್ಸು ಹತ್ತಿ ಬ್ಯಾಡಗಿಗೆ ಹೋಗಬೇಕು. "ನಮ್ಮಣ್ಣ ಹೂಂ ಅಂದ್ರ ಕಳಸ್ತೇನಿ" ಎಂದು ಅಪ್ಪ ಮಾತು ಕೊಟ್ಟಿದ್ದ.

ಶಿವರಾತ್ರಿಯ ಹೊತ್ತಿಗೆ ನಮ್ಮ ಮಾಳಿಗೆ ತುಂಬ ಮೆಣಸಿನಕಾಯಿ. ಕಣ್ಣಿಗೆ ಬರೀ ಕೆಂಪು, ಮೂಗಿಗೆ ಬರೀ ಘಾಟು. ರೊಟ್ಟಿ ಮುರಿದರೂ ಬೆರಳು ಉರಿಯುತ್ತಿತ್ತು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟಿದ್ದ ಅಕ್ಕನೂ ನಾನೂ ಕಾಯಿ ಹರವಿ, ಒಣಗಿದ ಮೇಲೆ ತೊಟ್ಟು ಮುರಿಯುತ್ತಿದ್ದೆವು. ಗುರುಗಳು ಕಲಿಸಿದ ತ್ರೈರಾಶಿಕ ಆಗಷ್ಟೇ ನನ್ನ ತಲೆಗೆ ಹತ್ತಿತ್ತು. ಒಂದು ಬುಟ್ಟಿಗೆ ಇಷ್ಟು, ಐದು ಬುಟ್ಟಿಗೆ ಎಷ್ಟು? ಒಂದು ಎಷ್ಟು ಪಟ್ಟು ಬೆಳೆದರೆ ಇನ್ನೊಂದೂ ಅಷ್ಟೇ ಪಟ್ಟು! ಕಂಡಿದ್ದಕ್ಕೆಲ್ಲ ಲೆಕ್ಕ ಹಾಕಿ ಅಕ್ಕನಿಗೆ ಒಪ್ಪಿಸುತ್ತಿದ್ದೆ. "ಎಲ್ಲಾದಕ್ಕೂ ಗುಣಸ್ತೀಯಲ್ಲ ಹುಚ್ಚಿ" ಎಂದು ಅವಳು ನಗುತ್ತಿದ್ದಳು.

ಒಂದು ಮುಂಜಾನೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ನನ್ನನ್ನು ಕರೆದರು. ಅಪ್ಪ ಪಕ್ಕದಲ್ಲಿದ್ದ. ಅಕ್ಕ ಅಂಗಳದಲ್ಲಿ ತೊಟ್ಟು ಮುರಿಯುತ್ತಿದ್ದಳು.

"ಬಾರವಾ ಸಾಲಿ ಶಾಣ್ಯಾಕಿ. ಒಂದ ಲೆಕ್ಕ. ಬರೋಬ್ಬರಿ ಹೇಳಿದ್ರ ಬ್ಯಾಡಗಿಗೆ ಹೋಗಾಕಿ. ಒಂದು ಚಾಪಿ ಕಾಯಿ ನಾಕ ದಿನಕ್ಕ ಒಣಗ್ತೈತಿ. ಎಂಟು ಚಾಪಿ?"

ನಾನು ಯೋಚಿಸಲೂ ನಿಲ್ಲಲಿಲ್ಲ. "ಮೂವತ್ತೆರಡು ದಿನರಿ!"

ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಮೂವತ್ತೆರಡು ದಿನ ಬಿಸಲಾಗಿಟ್ರ ಕಾಯಿ ಬೆಳ್ಳಗ ಹೊಟ್ಟ ಆಕ್ಕೈತಿ! ನಿಮ್ಮಕ್ಕ ಹೇಳಿದ್ದು ಖರೇ ಐತಿ. ಈ ಲೆಕ್ಕ ಕೇಳ್ರಿ, ಗುಣಿಸೇ ಗುಣಸ್ತಾಳ ಅಂದಿದ್ಲು."

ನಾನು ಅಕ್ಕನತ್ತ ತಿರುಗಿದೆ. ಅವಳು ತಲೆ ಎತ್ತಲಿಲ್ಲ. ಬೆರಳು ಮಾತ್ರ ಬೇಗಬೇಗ ಓಡುತ್ತಿದ್ದವು. ಅಪ್ಪನನ್ನು ನೋಡಿದೆ. ಅವನು ಬೀದಿ ನೋಡುತ್ತಿದ್ದ.

ಮಾಳಿಗೆ ಹತ್ತಿದೆ. ಎಂಟು ಚಾಪೆಗಳ ಮೇಲೂ ಒಂದೇ ಬಿಸಿಲು, ಒಂದೇ ಹೊತ್ತಿಗೆ. ವರ್ಷವರ್ಷವೂ ಅವನ್ನು ಹರವಿದ್ದು ನನ್ನದೇ ಕೈ! ಇದ್ದಿಲು ತಗೊಂಡು ಗೋಡೆಯ ಮೇಲೆ ಗೆರೆ ಎಳೆದೆ. ಚಾಪೆ ಹೆಚ್ಚಾದಂತೆ ಒಣಗಿದ ಕಾಯಿ ತುಂಬುವ ಚೀಲಗಳೂ ಅಷ್ಟೇ ಪಟ್ಟು ಹೆಚ್ಚುತ್ತವೆ. ಆ ಗೆರೆ ಸೊನ್ನೆಯಿಂದ ಎದ್ದು ಓರೆಯಾಗಿ ಮೇಲೇರಿತು. ದಿನಗಳ ಗೆರೆ ಮಾತ್ರ ನಾಲ್ಕರಲ್ಲೇ ಅಡ್ಡ ಮಲಗಿತು. ಎರಡೂ ನೇರವಾದ ಗೆರೆಗಳೇ. ಆದರೆ ಗುಣಿಸಬೇಕಾದದ್ದು ಒಂದಕ್ಕೆ ಮಾತ್ರ.

ಅಕ್ಕ ಮೇಲೆ ಬಂದಳು. "ಯಾಕ ಹೇಳಿದಿ?" ಎಂದೆ.

"ನೀ ಹೋದ್ರ ಈ ಮಾಳಗಿ ಮ್ಯಾಲೆ ನಾ ಒಬ್ಬಾಕಿ" ಎಂದು ಚಾಪೆ ಝಾಡಿಸಿದಳು.

ಮರುದಿನ ದೊಡ್ಡಪ್ಪನಿಗೆ ಸರಿ ಉತ್ತರ ಹೇಳಿದೆ. "ಕೇಳಿದ್ದು ನಿನ್ನಿ" ಎಂದರು, ಅಷ್ಟೇ. ಆ ವರ್ಷ ಪೂರ್ತಿ ನಾನು ತೊಟ್ಟು ಮುರಿದೆ. ಅಕ್ಕನ ಜೊತೆ ಮಾತು ಕೆಲಸಕ್ಕೆ ಬೇಕಾದಷ್ಟೇ. ಮರುವರ್ಷ ಅಪ್ಪ ಯಾರನ್ನೂ ಕೇಳದೆ ನನ್ನನ್ನು ಬಸ್ಸು ಹತ್ತಿಸಿದ. ಗೆಳತಿಯರಿಗಿಂತ ನಾನು ಒಂದು ವರ್ಷ ಹಿಂದೆ. ಎಂಟನೆಯದರಲ್ಲೂ ಒಂದೇ ವರ್ಷ, ಡಿಗ್ರಿಯಲ್ಲೂ ಒಂದೇ ವರ್ಷ. ಆ ಅಂತರ ಬೆಳೆಯಲಿಲ್ಲ, ಕರಗಲೂ ಇಲ್ಲ.

ಇದನ್ನು ಓದುವ ಮಕ್ಕಳೇ, ನಿಮಗೀಗ ಚೌಕುಳಿ ಹಾಳೆ ಇದೆ, ಗೆರೆ ಎಳೆದು ತೋರಿಸುವ ಮೊಬೈಲು ಇದೆ. ತಪ್ಪಾದರೆ ಅಳಿಸಿ ಮತ್ತೆ ಬರೆಯುತ್ತೀರಿ, ಯಾರೂ ನಿಮ್ಮನ್ನು ಶಾಲೆ ಬಿಡಿಸುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ ಸಲ.

ನಮ್ಮ ಮನೆತನದ ಮೊದಲ ಪದವಿ ಪತ್ರ ಬಂದ ದಿನ ಅದನ್ನು ಅಕ್ಕನ ಕೈಗೇ ಕೊಟ್ಟೆ. ಖಾರದ ಕೈಯನ್ನು ಸೆರಗಿಗೆ ಒರೆಸಿ ಒರೆಸಿ ತಗೊಂಡಳು. ಅದರಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳಾಡಿಸಿ ಹೇಳಿದಳು:

"ಆ ಒಂದು ವರ್ಷ ನೀ ನನ್ನ ಜೋಡಿ ಇದ್ದಿ. ತಪ್ಪಾತು ಅನ್ನಾಕ ಇವತ್ತಿಗೂ ಬಾಯಿ ಬರವಲ್ದವಾ."