ತಂಬೂರಿಯ ಕುದುರೆ ಹುಡುಕಿಕೊಂಡು ಚಾಮರಾಜಪೇಟೆಗೆ

ಭಾನುವಾರ ಬೆಳಗ್ಗೆ ತುಮಕೂರಿನಿಂದ ಏಳರ ಬಸ್ಸಿಗೆ ಹೊರಟವರು ಮೂವರು: ನಮ್ಮ ಮಂಗಳಕ್ಕ, ನಾನು, ಚಿಕ್ಕಪ್ಪನ ಮಗ ಉಮೇಶ. ಅಕ್ಕನದು ಹಾಡು ಮತ್ತು ತಂಬೂರಿ, ನನ್ನದು ಮ್ಯಾಂಡೊಲಿನ್, ಉಮೇಶನದು ಪಿಟೀಲು. ಯಾವ ಸಂಸ್ಥೆಯ ಹಂಗೂ ಇಲ್ಲದೆ, ಕರೆದವರ ಮನೆಗೆ ಹೋಗಿ ತತ್ವಪದಗಳನ್ನೂ ನಾವೇ ಕಟ್ಟಿದ ಹಾಡುಗಳನ್ನೂ ಹಾಡಿ ಬರುವ ಮೇಳ ನಮ್ಮದು. ಎಂಟು ತಿಂಗಳ ಹಿಂದೆ ಅಕ್ಕನ ಗಂಟಲಿಗೆ ಆಪರೇಷನ್ ಆಗಿತ್ತು. ಹಾಡಬಹುದು ಎಂದು ಡಾಕ್ಟರು ಹೇಳಿದ ಮೇಲೂ ಅವಳು ಅಡುಗೆಮನೆಯಲ್ಲಿ ಒಂದು ಸಾಲನ್ನೂ ಗುನುಗಿರಲಿಲ್ಲ. ಅಂಥವಳು ಬಸವನಗುಡಿಯ ಹಳೆಯ ಮನೆಯೊಂದರ ಹಜಾರದಲ್ಲಿ ಅವತ್ತು ಸಂಜೆ ಹಾಡಲು ಒಪ್ಪಿದ್ದಳು. ದನಿ ಬರುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಅಕ್ಕನಿಗೆ ಟಿಕೆಟ್ ಪುಕ್ಕಟೆ, ನಮಗಿಬ್ಬರಿಗೆ ದುಡ್ಡು. ಕಂಡಕ್ಟರ್ ಅವಳ ತೊಡೆಯ ಮೇಲಿದ್ದ ತಂಬೂರಿಯನ್ನು ನೋಡಿ, "ಇದಕ್ಕೆ ಲಗೇಜ್ ಟಿಕೆಟ್ ಆಗುತ್ತಮ್ಮ" ಎಂದ.

"ಇದೂ ಹೆಂಗ್ಸೇ ಕಣಪ್ಪ" ಎಂದಳು ಅಕ್ಕ, ಒಡಕು ದನಿಯಲ್ಲಿ. ಅವನು ನಕ್ಕು ಮುಂದಿನ ಸೀಟಿಗೆ ಹೋದ. ಎಪ್ಪತ್ತು ಕಿಲೋಮೀಟರ್ ದಾರಿಗೆ ಎರಡು ಗಂಟೆ ಹಿಡಿಯಿತು. ನೆಲಮಂಗಲ ದಾಟಿದ ಮೇಲೆ ಬಸ್ಸು ತೆವಳಿದ್ದೇ ಹೆಚ್ಚು. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹಿಡಿದು, ಗಾಂಧಿ ಬಜಾರಿನಲ್ಲಿ ಖಾಲಿ ದೋಸೆ ತಿಂದು, ಕಾರ್ಯಕ್ರಮದ ಮನೆ ಸೇರುವಾಗ ಹನ್ನೊಂದಾಗಿತ್ತು. ಬಿಸಿಲಿತ್ತು, ಆದರೆ ಮರಗಳ ಕೆಳಗೆ ಹಿತವಾಗಿತ್ತು.

ಊಟ ಮುಗಿಸಿ, ಎರಡು ಗಂಟೆಗೆ ತಂಬೂರಿಯ ಚೀಲ ಬಿಚ್ಚಿದವನು ನಾನೇ. ಪ್ರಯಾಣಕ್ಕೆ ಮೊದಲು ತಂತಿಗಳನ್ನು ಸಡಿಲಿಸುವುದು ನಮ್ಮ ಮನೆಯ ಪದ್ಧತಿ. ತಂತಿ ಸಡಿಲಿಸಿದರೆ ಬುರುಡೆಯ ಮೇಲೆ ಅವನ್ನು ಎತ್ತಿ ಹಿಡಿಯುವ ಮರದ ತುಂಡು ಕೈಗೆ ಬಂದುಬಿಡುತ್ತದೆ. ಅದಕ್ಕೆ ನಾವು ಕುದುರೆ ಎನ್ನುತ್ತೇವೆ. ನಾಲ್ಕು ಬೆರಳು ಅಗಲದ ಆ ಕುದುರೆಯನ್ನು ಹಿಂದಿನ ರಾತ್ರಿ ಜೋಪಾನವಾಗಿ ತೆಗೆದು, ಒಗೆದ ಕರವಸ್ತ್ರದಲ್ಲಿ ಸುತ್ತಿ, ತುಮಕೂರಿನ ಮನೆಯ ಕಿಟಕಿಯ ಮೇಲೆ ಇಟ್ಟು ಬಂದಿದ್ದೆ. ನನ್ನ ಜೋಪಾನಕ್ಕಿಷ್ಟು ಬೆಂಕಿ ಹಾಕ!

ಅಕ್ಕನಿಗೆ ಹೇಳಲೇಬೇಕಾಯಿತು. ಉಮೇಶ ಮೊಬೈಲ್ ತೆಗೆದು, "ಇದರಲ್ಲೇ ಶ್ರುತಿ ಹಾಕ್ಕೊಳೋಣ ಬಿಡಕ್ಕ" ಎಂದ.

"ಅದು ನನ್ ಗಂಟ್ಲಿಗೆ ಕಾಯಲ್ಲ ಕಣೋ. ತಂಬೂರಿ ನನ್ ಕೈಲಿದ್ರೆ, ಉಸಿರು ಸಿಗೋವರ್ಗೂ ಮೀಟ್ಕೊಂಡು ಕೂತಿರಬಹುದು. ಬೇಡ ಬಿಡಿ, ನೀವಿಬ್ರೇ ನುಡ್ಸಿ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಕಂಡದ್ದು ಪರೀಕ್ಷೆ ಮುಂದಕ್ಕೆ ಹೋದವರ ನೆಮ್ಮದಿ. ಇವತ್ತು ತಪ್ಪಿಸಿಕೊಂಡರೆ ಇವಳು ಇನ್ನೆಂದೂ ಹಾಡುವುದಿಲ್ಲ ಅನ್ನಿಸಿ ನನಗೆ ನಿಜವಾಗಿ ಭಯವಾಯಿತು. ತಂಬೂರಿ ಎತ್ತಿಕೊಂಡು ಹೊರಗೆ ಓಡಿದೆ.

ಚಾಮರಾಜಪೇಟೆಯಲ್ಲಿ ವಾದ್ಯ ರಿಪೇರಿ ಮಾಡುವವರಿದ್ದಾರೆ ಎಂದು ಕೇಳಿದ್ದೆ. ಹೋದರೆ, ಭಾನುವಾರ, ಅಂಗಡಿಗೆ ಬೀಗ. ಎದುರಿಗೆ ನಿಂತಿದ್ದ ಆಟೊದವನನ್ನು ಕೇಳಿದೆ: "ಗುರು, ಇಲ್ಲಿ ಬೇರೆ ಎಲ್ಲಾದ್ರೂ ಕುದುರೆ ಸಿಗುತ್ತಾ? ಅರ್ಜೆಂಟು."

"ಮದ್ವೆಗಾ ಸಾರ್?"

"ಅಲ್ಲ, ಹಾಡಿನ ಕಾರ್ಯಕ್ರಮ. ಐದು ಗಂಟೆಗೆ."

"ಹತ್ತಿ ಸಾರ್, ನಮ್ ಬಾಷಾ ಸಾಬ್ರು ಇದಾರೆ."

ನಾಲ್ಕು ತಿರುವು ದಾಟಿ ಒಂದು ತಗಡಿನ ಚಾವಣಿಯ ಮುಂದೆ ಇಳಿಸಿದ. ಬಿಳಿ ಗಡ್ಡದ ಹಿರಿಯರೊಬ್ಬರು ಎದ್ದು ಬಂದರು. "ಬನ್ನಿ ಸ್ವಾಮಿ, ಬಿಳೀದು ಬೇಕಾ, ಕಂದು ಬೇಕಾ?"

"ಬಣ್ಣ ಯಾವುದಾದ್ರೂ ಪರ್ವಾಗಿಲ್ಲ. ಮರದ್ದಿದ್ರೆ ಒಳ್ಳೇದು. ನಾಲ್ಕು ಬೆರಳು ಅಗಲ ಇರಬೇಕು."

ಅವರು ನನ್ನನ್ನೂ ಆಟೊದವನನ್ನೂ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಕುದುರೆ ಕೆನೆಯಿತು. ತಂಬೂರಿ ತೋರಿಸಿ ಸಂಗತಿ ಬಿಡಿಸಿ ಹೇಳುವ ಹೊತ್ತಿಗೆ ಮೂವರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ನಗುತ್ತಲೇ ನನಗೆ ಅಳುವೂ ಬಂತು. ಅಕ್ಕನ ವಿಷಯವನ್ನೂ ಹೇಳಿದೆ. ಬಾಷಾ ಸಾಬರು ನಗು ನಿಲ್ಲಿಸಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಜಟಕಾ ಗಾಡಿಯಿಂದ ಒಂದು ತುಂಡು ಮರ ಕೊಯ್ದು ತಂದರು.

"ನಮ್ಮ ತಂದೆ ಕಾಲದ್ದು, ಒಳ್ಳೇ ತೇಗ. ಎತ್ತರ ಎಷ್ಟಿರಬೇಕು ಹೇಳಿ."

ಮೊಬೈಲಿನಲ್ಲಿದ್ದ ತಂಬೂರಿಯ ಹಳೆಯ ಫೋಟೊ ದೊಡ್ಡದು ಮಾಡಿ ತೋರಿಸಿದೆ. ಕುದುರೆಯ ಗೊರಸು ಉಜ್ಜುವ ಅರದಿಂದಲೇ ಅವರು ಮರ ಉಜ್ಜಿದರು, ಬುರುಡೆಯ ಮೇಲಿಟ್ಟು ನೋಡಿದರು, ಮತ್ತೆ ಉಜ್ಜಿದರು. ನಾಲ್ಕು ತಂತಿಗೆ ನಾಲ್ಕು ಗೀರು ಹಾಕಿದರು. ಐದನೇ ಸಲಕ್ಕೆ ತಂತಿ ಬಿಗಿದಾಗ ನಾದ ಹೊರಟಿತು. ಕಟ್ಟಿದ್ದ ಬಿಳಿ ಕುದುರೆ ಕಿವಿ ನೆಟ್ಟಗೆ ಮಾಡಿತು.

"ಇದು ಪಾಸ್ ಅಂತೆ" ಎಂದರು ಸಾಬರು. ಕೈ ಮುಗಿದು ಓಡಿದೆ.

ಮನೆ ಮುಟ್ಟಿದಾಗ ಐದೂಕಾಲು. ನಮ್ಮ ನಂತರ ನುಡಿಸಬೇಕಿದ್ದ ಮಲ್ಲೇಶ್ವರದ ಗಿಟಾರ್-ಬ್ಯಾಂಜೊ ತಂಡ ಮೊದಲೇ ಕೂತು, ಅಮೆರಿಕದ ಹಳ್ಳಿ ಹಾಡಿನ ಧಾಟಿಗೆ ಕನ್ನಡದ ಮಾತು ಹೊಂದಿಸಿ ನುಡಿಸುತ್ತಿತ್ತು. ಹಾಡು ಮುಗಿಸಿದ ಬ್ಯಾಂಜೊ ಹುಡುಗಿ ನನ್ನನ್ನು ಕಂಡು, "ಸಿಕ್ತಾ ಅಂಕಲ್? ನಮ್ ಬ್ಯಾಂಜೊ ಕುದುರೇನೂ ಹಿಂಗೇ ಕೈಗೆ ಬಂದ್ಬಿಡುತ್ತೆ. ಬೇಕಾದ್ರೆ ಇನ್ನೊಂದು ಹಾಡು ಎಳೀತೀವಿ" ಎಂದಳು.

ಅಕ್ಕ ತಂಬೂರಿಯನ್ನು ತೊಡೆಗೆ ಒರಗಿಸಿಕೊಂಡು ಹೊಸ ಕುದುರೆಯನ್ನು ಬೆರಳಲ್ಲಿ ಸವರಿದಳು. "ಇನ್ ನೆಪ ಇಲ್ಲ" ಎಂದು ಎದ್ದು ಬಂದು ಹಾಡಲು ಕೂತಳು.

ಮೊದಲ ಸಾಲು ಬಂತು. ಎರಡನೆಯದರ ನಡುವೆ ದನಿ ನಿಂತೇಹೋಯಿತು. ಉಮೇಶನ ಕಮಾನು ಗಾಳಿಯಲ್ಲಿ ಉಳಿಯಿತು. ಅಕ್ಕ ಕಣ್ಣು ಮುಚ್ಚಿ ಮೀಟುತ್ತಲೇ ಇದ್ದಳು. ಹಜಾರದ ಐವತ್ತು ಜನ ಕೆಮ್ಮದೆ ಕೂತಿದ್ದರು. ಆಮೇಲೆ ಬಿಟ್ಟ ಅಕ್ಷರದಿಂದಲೇ ದನಿ ಎದ್ದಿತು. ಮೊದಲಿಗಿಂತ ದಪ್ಪ, ಅಂಚಿನಲ್ಲಿ ಸ್ವಲ್ಪ ಬಿರುಕು, ಆದರೆ ಅವಳದೇ. ನಾನು ಎರಡು ಕಡೆ ತಪ್ಪು ನುಡಿಸಿದೆ, ಯಾರೂ ಗಮನಿಸಲಿಲ್ಲ.

ಏಳೂವರೆಗೆ ಮೆಜೆಸ್ಟಿಕ್‌ನಲ್ಲಿ ತುಮಕೂರಿನ ಬಸ್ಸು ಹತ್ತಿದೆವು. ಅಭ್ಯಾಸಬಲದಿಂದ ತಂತಿ ಸಡಿಲಿಸಲು ಬಿರಡೆಗೆ ಕೈ ಹಾಕಿದೆ. ಅಕ್ಕ ಫಟ್ಟನೆ ನನ್ನ ಕೈ ಮೇಲೆ ಹೊಡೆದಳು.

"ಮುಟ್ಬೇಡ. ಹಂಗೇ ಬರ್ಲಿ."

ರಸ್ತೆಯ ಪ್ರತಿ ಉಬ್ಬಿಗೂ ತಂಬೂರಿ ಅವಳ ತೊಡೆಯ ಮೇಲೆ ಝುಂ ಎನ್ನುತ್ತಿತ್ತು. ಯಶವಂತಪುರ ದಾಟುವಾಗ ಅದರ ಜೊತೆ ಅವಳೂ ಗುನುಗತೊಡಗಿದಳು, ಎಂಟು ತಿಂಗಳಲ್ಲಿ ಮೊದಲ ಸಲ, ಯಾರೂ ಹಾಡು ಎನ್ನದೆಯೇ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಆ ಸಾಲು ಮುಗಿಯುವವರೆಗೂ ಕಂಬಿ ಹಿಡಿದು ನಿಂತಿದ್ದ.