ಯಜಮಾನರು ಬಂದದ್ದು ಗೊತ್ತಾಗುವ ಬಗೆ

ಕಾರ್ಯಾಗಾರದಲ್ಲಿ ಎಲ್ಲರೂ ಆಕೆಯನ್ನು ಪರೀಕ್ಷೆ ಅಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದುದು ಯುಎಸ್‌ಬಿ ಹಬ್. ಅಂದರೆ ಅಂಗೈ ಅಗಲದ ಒಂದು ಪೆಟ್ಟಿಗೆ. ಅದರ ಒಂದು ತಂತಿ ಕಂಪ್ಯೂಟರಿಗೆ ಹೋಗುತ್ತದೆ, ಮೌಸು, ಪ್ರಿಂಟರು ಇತ್ಯಾದಿಗಳೆಲ್ಲ ಪೆಟ್ಟಿಗೆಗೆ ಬಂದು ಸೇರುತ್ತವೆ. ಕಂಪ್ಯೂಟರು ಜೋಡಣೆಯಾದ ಕೂಡಲೇ ಪೆಟ್ಟಿಗೆ ಅದನ್ನು ಅರಿತು ಹಸಿರು ದೀಪ ಹೊತ್ತಿಸಬೇಕು. ಹಾಗೆ ಹೊತ್ತಿಸುತ್ತದೆಯೇ ಎಂದು ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು ಹತ್ತೊಂಬತ್ತು ವರ್ಷಗಳಿಂದ ನೋಡುತ್ತಿದ್ದವಳು ಆಕೆ.

ಆ ಕಂಪ್ಯೂಟರನ್ನು ಎಂಜಿನಿಯರುಗಳು ಹೋಸ್ಟ್ ಎನ್ನುತ್ತಾರೆ. ಆಕೆ ಕೆಲಸಕ್ಕೆ ಸೇರಿದ ದಿನ ಬೆಸುಗೆ ಮಾವ, ಎಂದರೆ ಬೆಸುಗೆ ಹಾಕುವ ಹಿರಿಯ, "ಹೋಸ್ಟ್ ಅಂದ್ರೆ ಮನೆ ಯಜಮಾನ್ರು ಕಣಮ್ಮ. ಅವರು ಬಂದ್ರೆ ಮಿಕ್ಕವರೆಲ್ಲ ಎದ್ದು ನಿಲ್ಲಬೇಕು" ಎಂದಿದ್ದ. ಅಂದಿನಿಂದ ಆಕೆಯ ಪಟ್ಟಿಯಲ್ಲಿ ಎರಡೇ ಕಲಮು: 'ಯಜಮಾನರು ಬಂದರು', 'ಯಜಮಾನರು ಬರಲಿಲ್ಲ'.

ಮೊದಲೆಲ್ಲ ಯಜಮಾನರ ತಂತಿಯಲ್ಲಿ ಬರುತ್ತಿದ್ದುದು ಐದೇ ವೋಲ್ಟ್. ಈಗ ಬಂದಿರುವ ಹೊಸ ಬಗೆಯಲ್ಲಿ ಅದೇ ತಂತಿ ಒಮ್ಮೆ ಐದು, ಒಮ್ಮೆ ಒಂಬತ್ತು, ಮತ್ತೊಮ್ಮೆ ಇಪ್ಪತ್ತು! ಇಪ್ಪತ್ತು ಬಂದಾಗ, ಯಜಮಾನರನ್ನು ಗುರುತಿಸಬೇಕಾದ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಹೊಗೆಯಾಡಿ ಸತ್ತಿತು. ಹೀಗೆ ಮೂರು ಚಿಪ್ಪು ಹೋದವು. ಆಕೆ ವಿದ್ಯುತ್ತಿಗೆ ತಡೆಯೊಡ್ಡುವ ದೊಡ್ಡ ರೆಸಿಸ್ಟರು ಹಾಕಿ ಇಪ್ಪತ್ತನ್ನು ತಗ್ಗಿಸಿದಳು. ಆಗ ಐದು ಎಷ್ಟು ಸೊರಗಿತೆಂದರೆ, ಚಿಪ್ಪು ಕಣ್ಣೇ ಬಿಡಲಿಲ್ಲ.

"ಶನಿವಾರದವರೆಗೆ ನೋಡ್ತೀನಮ್ಮ" ಎಂದರು ಮಾಲೀಕರು. "ಆಗಲಿಲ್ಲ ಅಂದ್ರೆ ಪರೀಕ್ಷೆ ಕೆಲಸ ಹೊರಗಿನವರಿಗೆ. ನೀವು ಪ್ಯಾಕಿಂಗ್ ಕೋಣೆಗೆ ಬಂದ್ಬಿಡಿ." ಪ್ಯಾಕಿಂಗ್ ಕೋಣೆಗೆ ಕಿಟಕಿಯಿರಲಿಲ್ಲ. ಸಾಲದ್ದಕ್ಕೆ, ಆಕೆಯ ಕುರ್ಚಿಯನ್ನು ಯಾರೋ ಮಹಾನುಭಾವರು ಆಗಲೇ ಅಲ್ಲಿಗೆ ಒಯ್ದಿಟ್ಟಿದ್ದರು.

ಗುರುವಾರ ಮಧ್ಯಾಹ್ನ ಆಕೆ ಊಟಕ್ಕೆ ಮನೆಗೆ ಬಂದಿದ್ದಳು. ಗಂಡ ಬಸ್ಸಿನ ಚಾಲಕ. ಡಿಪೋದವರಿಗೆ ರಾತ್ರಿ ಎಂಟು ಗಂಟೆಯೆಂದರೆ ಇಪ್ಪತ್ತು ಗಂಟೆ, ಆ ಲೆಕ್ಕ ಮನೆಯವರ ಬಾಯಿಗೂ ಹತ್ತಿಬಿಟ್ಟಿತ್ತು. ಅತ್ತೆಯ ಕಿವಿ ಕೊಂಚ ಮಂದ. ಆದರೆ ತಮಗೆ ಸಂಬಂಧಿಸಿದ ಮಾತು ಗೋಡೆಯಾಚೆಯಿಂದಲೂ ಕೇಳಿಸುತ್ತಿತ್ತು.

ಬೆಸುಗೆ ಮಾವನ ಫೋನು ಬಂತು. ಆಕೆ ಅನ್ನ ಕಲಸುತ್ತಲೇ ಗಟ್ಟಿಯಾಗಿ ಹೇಳಿದಳು: "ಏನು ಹೇಳ್ಲಿ ಮಾವ, ಯಜಮಾನ್ರು ಐದಕ್ಕೆ ಬಂದ್ರೆ ಇದಕ್ಕೆ ಗೊತ್ತೇ ಆಗಲ್ಲ, ಬಿದ್ಕೊಂಡಿರುತ್ತೆ. ಇಪ್ಪತ್ತಕ್ಕೆ ಬಂದ್ರೋ, ಸುಟ್ಟು ಕರಕಲು. ತೆಗೆದು ಹೊರಗೆ ಹಾಕೋದೊಂದೇ ದಾರಿ."

ಸಾರಿನ ಸೌಟು ಠಣ್ಣೆಂದು ಪಾತ್ರೆಗೆ ಬಿತ್ತು.

"ಇದಕ್ಕೆ ಅಂತೀಯಲ್ಲೇ ನನ್ನ!" ಎಂದರು ಅತ್ತೆ.

"ಅಯ್ಯೋ, ನಿಮ್ಮನ್ನಲ್ಲ ಅತ್ತೆ..."

"ಮೊನ್ನೆ ಐದಕ್ಕೆ ಅವನು ಬಂದಾಗ ಮಲಗಿದ್ದು ನಾನೇ ತಾನೆ? ಅದರ ಹಿಂದಿನ ದಿನ ಇಪ್ಪತ್ತಕ್ಕೆ ಬಂದಾಗ ಪಲ್ಯ ಸೀಯಿಸಿದ್ದೂ ನಾನೇ ತಾನೆ? ಹೊರಗೆ ಹಾಕ್ತಾಳಂತೆ! ನಿನ್ನ ಗಂಡ ಬಾಗಿಲು ತಟ್ಟೋ ಚಂದ ನೋಡಿದ್ದೀಯಾ? ಒಂದಿನ ಬೆಕ್ಕು ಕೆರೆದ ಹಾಗೆ, ಯಾರಿಗೆ ಕೇಳುತ್ತೆ? ಇನ್ನೊಂದಿನ ಕದ ಮುರಿಯೋ ಹಾಗೆ, ಎದೆ ಒಡೆದು ಸೌಟು ಬಿಟ್ಟು ಓಡ್ತೀನಿ. ಒಂದು ಬೆಲ್ ಹಾಕಿಸಿ ಅಂತ ಎಷ್ಟು ಸಲ ಬಡ್ಕೊಂಡೆ? ಬೆರಳಲ್ಲಿ ಒತ್ತಲಿ, ಮೊಣಕೈಯಲ್ಲಿ ಒತ್ತಲಿ, ಒಂದೇ ಥರ ಟಿಣ್ ಅನ್ನುತ್ತೆ!"

ಆಕೆಯ ಕೈತುತ್ತು ಬಾಯಿಯ ಹತ್ತಿರ ನಿಂತಿತು. "ಇನ್ನೊಂದ್ಸಲ ಹೇಳಿ ಅತ್ತೆ."

"ಹೇಳ್ತೀನಿ, ನೂರು ಸಲ ಹೇಳ್ತೀನಿ, ನನಗೇನು ಭಯವಾ?"

ನೂರು ಸಲ ಕೇಳಲು ಆಕೆ ಅಲ್ಲಿರಲಿಲ್ಲ. ಕೈ ತೊಳೆದವಳೇ ಓಡಿದ್ದಳು. ಯಜಮಾನರ ತಂತಿ ಚಿಪ್ಪಿನ ಬಾಗಿಲನ್ನು ತಾನೇ ಏಕೆ ತಟ್ಟಬೇಕು? ನಡುವೆ ಒಂದು ಪುಟ್ಟ ಟ್ರಾನ್ಸಿಸ್ಟರು ಇಟ್ಟರೆ ಅದೇ ಬೆಲ್ಲಿನ ಗುಂಡಿ. ಐದಾಗಲಿ ಇಪ್ಪತ್ತಾಗಲಿ, ಒತ್ತಿ ಸುಮ್ಮನಾಗಬೇಕು. ಚಿಪ್ಪಿಗೆ ಕೇಳಿಸುವುದು ಪೆಟ್ಟಿಗೆಯ ಸ್ವಂತ ವಿದ್ಯುತ್ತಿನ ಮೂರು ಚಿಲ್ಲರೆ ವೋಲ್ಟು, ಎಂದಿಗೂ ಅಷ್ಟೇ.

ಬೆಸುಗೆ ಮಾವ ಟ್ರಾನ್ಸಿಸ್ಟರು ಕೂಡಿಸಿ ಕೊಟ್ಟ. ಇನ್ನೂ ಕಂಪ್ಯೂಟರಿನ ತಂತಿ ಚುಚ್ಚಿಯೇ ಇರಲಿಲ್ಲ, ಹಸಿರು ದೀಪ ಹೊತ್ತಿತು. ಚುಚ್ಚಿದರು; ಆರಿಹೋಯಿತು.

"ಯಜಮಾನ್ರು ಇಲ್ಲದಾಗ ಕುಣಿಯುತ್ತೆ, ಬಂದಾಗ ನಿದ್ದೆ ಹೊಡೆಯುತ್ತೆ" ಎಂದ ಬೆಸುಗೆ ಮಾವ. "ಪಕ್ಕಾ ನಮ್ಮ ಆಫೀಸೇ ಇದು!"

ಆಕೆ ಹಣೆ ಚಚ್ಚಿಕೊಂಡಳು. ಹಾಗೆ ಕೂಡಿಸಿದ ಟ್ರಾನ್ಸಿಸ್ಟರು ಹೌದು ಎಂಬುದನ್ನು ಇಲ್ಲ ಎಂದು ತಿರುಗಿಸಿ ಹೇಳುತ್ತದೆ; ಆತುರದಲ್ಲಿ ಅದು ಮರೆತೇಹೋಗಿತ್ತು. ತಿರುಗಿದ್ದನ್ನು ಮತ್ತೆ ತಿರುಗಿಸಲು ಇನ್ನೊಂದು ಟ್ರಾನ್ಸಿಸ್ಟರು ಬೇಕಾಯಿತು. ಅಷ್ಟೇ.

ಶನಿವಾರ ಮಾಲೀಕರು ತಾವೇ ತಂತಿ ಚುಚ್ಚಿದರು. ಐದು: ಹಸಿರು. ಒಂಬತ್ತು: ಹಸಿರು. ಇಪ್ಪತ್ತಕ್ಕೆ ಅವರು ಎರಡು ಹೆಜ್ಜೆ ಹಿಂದೆ ಸರಿದು ಮೂಗು ಮುಚ್ಚಿಕೊಂಡರು. ಹೊಗೆ ಬರಲಿಲ್ಲ, ಹಸಿರೇ.

"ಯಾರಿಗಮ್ಮ ಹೊಳೆದದ್ದು ಇದು?"

"ನಮ್ಮತ್ತೆಗೆ ಸಾರ್."

"ಓಹೋ! ಅವರು ಎಲ್ಲಿ ಓದಿದ್ದು?"

"ಬಾಗಿಲ ಹಿಂದೆ ಸಾರ್."

ಮಾಲೀಕರು ನಕ್ಕು, ಪ್ಯಾಕಿಂಗ್ ಕೋಣೆಯಿಂದ ಆಕೆಯ ಕುರ್ಚಿಯನ್ನು ತಾವೇ ಎತ್ತಿ ತಂದು ಕಿಟಕಿಯ ಬಳಿ ಇಟ್ಟರು.

ಮನೆಗೆ ಹೋಗುವಾಗ ಆಕೆ ಒಂದು ಬೆಲ್ಲು ಕೊಂಡು, ತಾನೇ ಸ್ಕ್ರೂ ಬಿಗಿದು ಕೂಡಿಸಿದಳು. ಅದರ ಪ್ರತಾಪವನ್ನೆಲ್ಲ ವಿವರಿಸುತ್ತ ಪಟ್ಟಿಯ ಎರಡು ಕಲಮಿನ ಗುಟ್ಟನ್ನೂ ಅತ್ತೆಗೆ ಹೇಳಿಬಿಟ್ಟಳು. ಅಷ್ಟರಲ್ಲಿ ಟಿಣ್ ಎಂದಿತು. ಅತ್ತೆ ಸೌಟನ್ನು ಸಾವಧಾನವಾಗಿ ಕೆಳಗಿಟ್ಟು, ಒಲೆಯನ್ನೂ ಆರಿಸಿ, ಬಾಗಿಲು ತೆರೆದರು. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಕ್ಕೆ ತಿರುಗಿ ಕೂಗಿದರು:

"ಯಜಮಾನ್ರು ಬಂದ್ರು ಕಣೇ! ಬರ್ಕೋ!"